ಠಾಣೆಯ ಲೆಕ್ಕ ಮತ್ತು ಹೊರಗಿನ ಅಳತೆಗೋಲು

ಒಂದು ಠಾಣೆಯಲ್ಲಿ ಈ ವರ್ಷ ಕಳವು ಪ್ರಕರಣಗಳು ಕಡಿಮೆಯಾಗಿವೆ ಎಂದುಕೊಳ್ಳೋಣ. ಕಳ್ಳತನವೇ ಇಳಿಯಿತೋ, ಇಲ್ಲ ದೂರು ತಂದವರನ್ನು ಎಫ್‌ಐಆರ್ ಮಾಡಿಕೊಳ್ಳದೆ ವಾಪಸು ಕಳಿಸಿದರೋ? ಠಾಣೆಯ ದಾಖಲೆಗಳನ್ನು ಎಷ್ಟು ತಿರುವಿ ಹಾಕಿದರೂ ಇದು ಗೊತ್ತಾಗುವುದಿಲ್ಲ. ಪ್ರಕರಣಗಳ ಸಂಖ್ಯೆ ಏರಿದರೆ ಇನ್‌ಸ್ಪೆಕ್ಟರ್ ಮೇಲಿನವರಿಗೆ ಸಮಜಾಯಿಷಿ ಕೊಡಬೇಕು. ಹಾಗಾಗಿ ದೂರು ದಾಖಲಿಸದಿರುವುದೇ ಅನೇಕ ಸಲ ಅನುಕೂಲ. ಪೊಲೀಸರ ಕೆಲಸವನ್ನು ಪೊಲೀಸರೇ ಬರೆದ ಲೆಕ್ಕದಿಂದ ಅಳೆಯುವಷ್ಟು ಕಾಲ ಯಾವ ಸುಧಾರಣೆ ಫಲಿಸಿತು, ಯಾವುದು ಸೋತಿತು ಎಂದು ಹೇಳಲಾಗದು. ವಿಶ್ವವಿದ್ಯಾಲಯಗಳು ಪೊಲೀಸರ ಜೊತೆ ಸೇರಿ ಸಂಶೋಧನೆ ನಡೆಸಬೇಕಾದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ನಿದರ್ಶನ ರಾಜಸ್ಥಾನದ್ದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು ಅಲ್ಲಿನ ಪೊಲೀಸ್ ಇಲಾಖೆಯ ಜೊತೆಗೂಡಿ 11 ಜಿಲ್ಲೆಗಳ 162 ಠಾಣೆಗಳಲ್ಲಿ ಕೆಲವು ಸುಧಾರಣೆಗಳನ್ನು ಪರೀಕ್ಷಿಸಿದರು. ಪದೇ ಪದೇ ಆಗುವ ವರ್ಗಾವಣೆಗೆ ತಡೆ, ಸಿಬ್ಬಂದಿಗೆ ತರಬೇತಿ, ವಾರದ ರಜೆ ಮತ್ತು ಪಾಳಿ ಬದಲಾವಣೆ, ಠಾಣೆಯಲ್ಲಿ ಊರಿನವರೇ ಕುಳಿತು ನೋಡುವ ವ್ಯವಸ್ಥೆ: ಯಾವ ಠಾಣೆಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಫಲಿತಾಂಶವನ್ನು ಠಾಣೆಯ ಕಡತಗಳಿಗಷ್ಟೇ ಬಿಡದೆ, ಅಪರಾಧಕ್ಕೆ ತುತ್ತಾದವರನ್ನೂ ಜನಸಾಮಾನ್ಯರನ್ನೂ ಕೇಳಿ ತಿಳಿದುಕೊಂಡರು. ದೂರುದಾರರ ವೇಷದಲ್ಲಿ ಜನರನ್ನು ಕಳಿಸಿ ಎಫ್‌ಐಆರ್ ಮಾಡಿಕೊಳ್ಳುತ್ತಾರೋ ಇಲ್ಲವೋ ಎಂದೂ ನೋಡಿದರು. ತರಬೇತಿ ಮತ್ತು ವರ್ಗಾವಣೆ ತಡೆ ಫಲ ಕೊಟ್ಟವು. ಎದುರಿಗೆ ನಿಂತಿರುವ ದೂರುದಾರ ಪರೀಕ್ಷೆಗೆ ಬಂದವನೂ ಇರಬಹುದು ಎಂಬ ಅಳುಕೂ ಪೊಲೀಸರ ನಡವಳಿಕೆಯನ್ನು ತಿದ್ದಿತು. ಉಳಿದವುಗಳಿಂದ ಗಟ್ಟಿಯಾದ ಪರಿಣಾಮ ಕಾಣಲಿಲ್ಲ.

ಅನುಭವಿ ಅಧಿಕಾರಿಗೆ ತನ್ನ ಸರಹದ್ದು ಗೊತ್ತಿರುತ್ತದೆ, ಪ್ರೊಫೆಸರ್ ಬಂದು ಹೇಳಿಕೊಡಬೇಕೇ ಎಂಬ ಆಕ್ಷೇಪವಿದೆ. ಅನುಭವದ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಕುಡಿದು ವಾಹನ ಓಡಿಸುವವರನ್ನು ಹಿಡಿಯಲು ನಾಕಾಬಂದಿ ಎಲ್ಲಿ ಹಾಕಬೇಕು ಎಂಬ ಪ್ರಶ್ನೆಯನ್ನೇ ನೋಡಿ. ಅತಿ ಹೆಚ್ಚು ಅಪಘಾತವಾಗುವ ಜಾಗದಲ್ಲಿ ಎಂದು ಯಾರಾದರೂ ಹೇಳಿಯಾರು. ರಾಜಸ್ಥಾನದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಹೀಗೆ ಒಂದೇ ಜಾಗಕ್ಕೆ ಅಂಟಿಕೊಂಡ ನಾಕಾಬಂದಿಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಎಂದು ಜಾಗ ಬದಲಿಸಿದ ಕಡೆ ರಾತ್ರಿ ಅಪಘಾತಗಳು ಶೇ. 17ರಷ್ಟು, ರಾತ್ರಿ ಸಾವುಗಳು ಶೇ. 25ರಷ್ಟು ಇಳಿದವು. ಪೊಲೀಸರು ನಿಲ್ಲುವ ಜಾಗ ಗೊತ್ತಾದರೆ ಚಾಲಕ ಪಕ್ಕದ ರಸ್ತೆ ಹಿಡಿಯುತ್ತಾನೆ. ಹೋಲಿಸಿ ನೋಡದೆ ಇದರ ಪ್ರಮಾಣ ತಿಳಿಯುವುದು ಸಾಧ್ಯವಿರಲಿಲ್ಲ.

ಕೆಲವು ಠಾಣೆಗಳಿಗೆ ಸೌಲಭ್ಯ ಕೊಟ್ಟು ಕೆಲವಕ್ಕೆ ಕೊಡದಿರುವುದು ಅನ್ಯಾಯ ಎನ್ನುವವರಿದ್ದಾರೆ. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳ ಪ್ರಯೋಗ ನಡೆದಾಗ ಕೆಲವು ಠಾಣೆಗಳು ಹಳೆಯ ಸ್ಥಿತಿಯಲ್ಲೇ ಉಳಿದದ್ದು ನಿಜ. ಎಲ್ಲ ಕಡೆಗೂ ಒಟ್ಟಿಗೇ ಸಿಬ್ಬಂದಿ, ಹಣ ಇಲ್ಲದಿರುವಾಗ ಶಿಫಾರಸಿಗಿಂತ ಚೀಟಿಯೇ ಹೆಚ್ಚು ನ್ಯಾಯಯುತ. ವರ್ಜೀನಿಯಾ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಕೇಂದ್ರವಿದ್ದ ಠಾಣೆಗಳಲ್ಲಿ, ಅದರಲ್ಲೂ ಮಹಿಳಾ ಅಧಿಕಾರಿಗಳು ನಡೆಸಿದ ಕಡೆ, ಮಹಿಳೆಯರ ಮೇಲಿನ ದೌರ್ಜನ್ಯದ ಪ್ರಕರಣಗಳು ಹೆಚ್ಚು ದಾಖಲಾದವು. ಹಳೆಯ ಲೆಕ್ಕದಲ್ಲಿ ಇದು ಅಪರಾಧದ ಏರಿಕೆ. ಕದ ತಟ್ಟಿದ ಹೆಂಗಸಿನ ಮಾತು ಕಾಗದಕ್ಕೆ ಇಳಿಯಿತು ಎಂಬುದೇ ಇಲ್ಲಿ ಗೆಲುವು.

ಇಲಾಖೆಯ ಅನುಮತಿಯ ಮೇಲೆ ನಿಂತ ಸಂಶೋಧಕ ಇಲಾಖೆಗೆ ಹಿತವಾದದ್ದನ್ನೇ ಬರೆಯುತ್ತಾನಲ್ಲವೇ? ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇದು. ಫಲಿತಾಂಶ ಏನೇ ಬರಲಿ ಪ್ರಕಟಿಸುತ್ತೇವೆ ಎಂದು ಕೆಲಸ ಶುರುವಾಗುವ ಮೊದಲೇ ಬರೆದುಕೊಳ್ಳದ ಒಪ್ಪಂದಕ್ಕೆ ವಿಶ್ವವಿದ್ಯಾಲಯಗಳು ಸಹಿ ಹಾಕಲೇಬಾರದು. ರಾಜಸ್ಥಾನದ ವರದಿ ಸೋಲುಗಳನ್ನು ಮುಚ್ಚಿಡಲಿಲ್ಲ. ಅದನ್ನು ಬರೆದವರಲ್ಲಿ ಆಗ ಅಲ್ಲಿನ ಐಪಿಎಸ್ ಅಧಿಕಾರಿಯಾಗಿದ್ದ ನೀನಾ ಸಿಂಗ್ ಕೂಡ ಒಬ್ಬರು. ವಾರದ ರಜೆ ಏಕೆ ಫಲಿಸಲಿಲ್ಲ ಎಂಬುದಕ್ಕೆ ಆ ವರದಿ ಕೊಡುವ ವಿವರಣೆಯನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು: ಠಾಣೆಯ ಮಟ್ಟದಲ್ಲಿ ಅದು ಸರಿಯಾಗಿ ಜಾರಿಗೇ ಬರಲಿಲ್ಲ. ಅಂದರೆ ವಾರಕ್ಕೊಂದು ದಿನ ಮನೆಯಲ್ಲಿದ್ದು ಬಂದ ಕಾನ್‌ಸ್ಟೆಬಲ್ ಜನರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿಲ್ಲ. ರಜೆಯನ್ನು ನಿಜವಾಗಿ ಕೊಟ್ಟೇ ಅದನ್ನು ಮತ್ತೆ ಕೇಳಬೇಕು.