ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಿಸೋದಾದ್ರೆ

ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಕಾರು ಮಾತ್ರ ಎಳೆಯಲ್ಲ. ಮೊದಲು ಕ್ಲಚ್ ಕೇಬಲ್ ನೋಡಿ. ಅದು ಸರಿಯಿದ್ರೆ ಪ್ಲೇಟ್ ಸವೆದಿರಬೇಕು.

ಆಲ್ಟೊದಂಥ ಕಾರಲ್ಲಿ ಗೇರ್ ಆಯಿಲ್ ಇಳಿಸಿ, ಆಕ್ಸಲ್ ಬಿಚ್ಚಿ, ಗೇರ್‌ಬಾಕ್ಸ್ ಕೆಳಗಿಳಿಸಲೇಬೇಕು. ಬ್ಯಾಟರಿ ವೈರ್ ಮೊದಲೇ ತೆಗೀರಿ. ಬರೀ ಜಾಕ್ ನಂಬಿ ಕಾರಿನಡಿ ಹೋಗ್ಬೇಡಿ, ದಯವಿಟ್ಟು, ಸ್ಟ್ಯಾಂಡ್ ಕೊಡಿ. ಇಂಜಿನ್‌ಗೂ ಆಧಾರ ಬೇಕು.

ಪ್ರೆಷರ್ ಪ್ಲೇಟ್ ಬೋಲ್ಟ್‌ಗಳನ್ನ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸಿ. ಆಗ ಹೊರಬರೋ ಹಳೇ ಕ್ಲಚ್ ಪ್ಲೇಟ್ ನೋಡಿ, ಸವೆದೂ ಸವೆದೂ ರಿವೆಟ್ ತಲೆಗಳೇ ಮೇಲೆ ಬಂದಿರಬಹುದು! ಇವು ಫ್ಲೈವೀಲನ್ನ ಗೀರಿಬಿಡುತ್ವೆ. ಅದನ್ನೂ ಬೆರಳಾಡಿಸಿ ನೋಡಿ.

ಹೊಸ ಪ್ಲೇಟಿಗೆ ಎಣ್ಣೆ ಕೈ ತಾಗಬಾರದು. ಅಲೈನ್‌ಮೆಂಟ್ ಟೂಲ್ ಹಾಕಿ ಸರಿಯಾಗಿ ನಡುವೆ ಕೂರಿಸಿ, ಆಮೇಲೆ ಬಿಗಿ ಮಾಡಿ. ಪ್ಲೇಟ್ ಆಚೀಚೆ ಆದ್ರೆ ಗೇರ್‌ಬಾಕ್ಸ್ ಶಾಫ್ಟ್ ಒಳಗೇ ಹೋಗಲ್ಲ. ರಿಲೀಸ್ ಬೇರಿಂಗನ್ನೂ ಈಗಲೇ ಬದಲಿಸಿ. ಅದೊಂದಕ್ಕೇ ಮತ್ತೆ ಇಷ್ಟೆಲ್ಲ ಬಿಚ್ಚೋದು ಯಾಕೆ?