ಹಳೆಯ ಮೋಟಾರ್‌ಹೋಮ್‌ನ ಒಳಾಂಗಣ ನವೀಕರಣ

ಮೋಟಾರ್‌ಹೋಮ್ ಎಂಬುದು ಮಲಗುವ, ಅಡುಗೆ ಮಾಡುವ ಹಾಗೂ ನೀರು ಬಳಸುವ ವ್ಯವಸ್ಥೆಯನ್ನು ಒಳಗೊಂಡ ವಾಹನ. ಭಾರತದಲ್ಲಿ ಇದನ್ನು ಕ್ಯಾರವಾನ್ ಎಂದೂ ಕರೆಯುತ್ತಾರೆ. ಹಳೆಯದಾದ ಇಂತಹ ವಾಹನದ ಒಳಭಾಗವನ್ನು ಮಿತವಾದ ಖರ್ಚಿನಲ್ಲಿ ಮತ್ತೆ ವಾಸಯೋಗ್ಯವಾಗಿಸುವುದೇ ಒಳಾಂಗಣ ನವೀಕರಣ. ಮನೆಯ ನವೀಕರಣಕ್ಕಿಂತ ಇದು ಭಿನ್ನವಾದುದು. ವಾಹನವು ಚಲಿಸುವಾಗ ಅಲುಗಾಡುತ್ತದೆ, ಅದು ಹೊರಬಲ್ಲ ಭಾರಕ್ಕೆ ಮಿತಿಯಿದೆ, ಬೆಂಕಿ ಹೊತ್ತಿಕೊಂಡರೆ ಹೊರಬರುವ ದಾರಿ ಕಿರಿದಾಗಿರುತ್ತದೆ. ಆದ್ದರಿಂದ ಹಣ ಕಡಿಮೆಯಿದ್ದಾಗ ಅಲಂಕಾರಕ್ಕಿಂತ ಮೊದಲು ಸುರಕ್ಷತೆಗೆ ಖರ್ಚು ಮಾಡಬೇಕಾಗುತ್ತದೆ.

ಕೆಲಸದ ಕ್ರಮ

ಮೊದಲು ಚಾವಣಿ ಮತ್ತು ಕಿಟಕಿಗಳ ಸೋರಿಕೆಯನ್ನು ಪತ್ತೆಹಚ್ಚಿ ಮುಚ್ಚಬೇಕು. ನೀರು ಇಳಿದ ಕಡೆ ಪ್ಲೈವುಡ್ ಉಬ್ಬುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಅದರ ಮೇಲೆ ಹೊಸ ಹಾಳೆ ಹೊದಿಸಿದರೆ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ನಂತರ ವಿದ್ಯುತ್ ತಂತಿ, ಅನಿಲ ಹಾಗೂ ನೀರಿನ ಕೊಳವೆಗಳ ದುರಸ್ತಿ ನಡೆಯುತ್ತದೆ. ಬಣ್ಣ, ನೆಲಹಾಸು, ಪರದೆ ಮತ್ತು ಮೆತ್ತೆಗಳ ಕೆಲಸ ಕೊನೆಯದು. ಗಟ್ಟಿಯಾಗಿರುವ ಕಪಾಟುಗಳನ್ನು ಉಳಿಸಿಕೊಂಡು ಹಿಡಿ, ತಿರುಗಣಿ ಮತ್ತು ಬಣ್ಣವನ್ನಷ್ಟೇ ಬದಲಿಸುವುದರಿಂದ ಸಾಕಷ್ಟು ಹಣ ಉಳಿಯುತ್ತದೆ.

ಭಾರ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಹಾಳೆಯೊಂದು ಸುಮಾರು 30 ಕಿಲೋಗ್ರಾಂ ತೂಗುತ್ತದೆ. ಅದೇ ಅಳತೆಯ 6 ಮಿ.ಮೀ. ಹಾಳೆಯ ತೂಕ ಅದರ ಮೂರನೇ ಒಂದು ಭಾಗ. 100 ಲೀಟರ್ ನೀರಿನ ಭಾರ 100 ಕಿಲೋಗ್ರಾಂ. ಮನೆಗೆ ಬಳಸುವ ಗ್ರಾನೈಟ್, ಸೆರಾಮಿಕ್ ಟೈಲ್ಸ್‌ಗಳು ಭಾರವಾಗಿದ್ದು, ಅಲುಗಾಟಕ್ಕೆ ಬಿರುಕು ಬಿಡುವುದರಿಂದ ವಾಹನಕ್ಕೆ ಒಗ್ಗುವುದಿಲ್ಲ. ಭಾರವಾದ ಸಾಮಾನುಗಳನ್ನು ನೆಲಮಟ್ಟದಲ್ಲಿ, ಎರಡೂ ಬದಿಗೆ ಸಮನಾಗಿ ಹಂಚಿ ಇಡಲಾಗುತ್ತದೆ.

ವಿದ್ಯುತ್ ಮತ್ತು ಅನಿಲ

ವಾಹನದ ದೀಪಗಳು ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯಿಂದ ಉರಿಯುತ್ತವೆ. 60 ವ್ಯಾಟ್‌ನ ಉಪಕರಣವು 12 ವೋಲ್ಟ್‌ನಲ್ಲಿ 5 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಮನೆಯ 230 ವೋಲ್ಟ್‌ನಲ್ಲಿ ಇದು ಕಾಲು ಆಂಪಿಯರ್‌ನಷ್ಟು ಮಾತ್ರ. ಹೀಗಾಗಿ ತೆಳುವಾದ ತಂತಿ ಬಿಸಿಯಾಗಿ ಬೆಂಕಿಗೆ ಕಾರಣವಾಗಬಹುದು. ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಅಳವಡಿಸುವುದು ಅಗತ್ಯ. 5 ವ್ಯಾಟ್‌ನ ಆರು ಎಲ್‌ಇಡಿ ದೀಪಗಳು ನಾಲ್ಕು ಗಂಟೆ ಉರಿಯಲು 120 ವ್ಯಾಟ್-ಗಂಟೆ, ಅಂದರೆ 10 ಆಂಪಿಯರ್-ಗಂಟೆ ಸಾಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಗಾಳಿಕಿಂಡಿ ಇರಬೇಕು.

ಶಾಖ ಮತ್ತು ಹೊದಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಂತಹ ಒಣ ಬಯಲಿನಲ್ಲಿ ನಿಂತ ವಾಹನದ ತಗಡಿನ ಚಾವಣಿ ಬೇಸಿಗೆಯಲ್ಲಿ ತೀವ್ರವಾಗಿ ಕಾಯುತ್ತದೆ. ಚಾವಣಿಗೆ ಬಿಳಿ ಬಣ್ಣ, ಅದರ ಒಳಬದಿಗೆ ಶಾಖನಿರೋಧಕ ಪದರ ಮತ್ತು ಬಿಸಿಗಾಳಿಯನ್ನು ಹೊರದೂಡುವ ಪಂಖ ಇವು ಕಡಿಮೆ ಖರ್ಚಿನ ಉಪಾಯಗಳು. ಚಳ್ಳಕೆರೆ ಸೀಮೆಯು ಕುರಿ ಸಾಕಣೆಗೂ ಕೈಮಗ್ಗದ ಕಂಬಳಿಗೂ ಹೆಸರಾಗಿದೆ. ಉಣ್ಣೆಯು ಶಾಖವನ್ನು ತಡೆಯುವುದಲ್ಲದೆ, ಸಂಶ್ಲೇಷಿತ ಬಟ್ಟೆಯಂತೆ ಕರಗಿ ತೊಟ್ಟಿಕ್ಕುವುದಿಲ್ಲ ಮತ್ತು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ನೆಲಹಾಸಿಗೆ, ಆಸನದ ಹೊದಿಕೆಗೆ ಕಂಬಳಿ ಉಪಯುಕ್ತ. ಹುಳು ಹಿಡಿಯದಂತೆ ಅದನ್ನು ಆಗಾಗ ಬಿಸಿಲಿಗೆ ಹಾಕಬೇಕು.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಪರದೆ, ಮೆತ್ತೆಗಳ ಬದಲಾವಣೆ ಈ ವ್ಯಾಪ್ತಿಗೆ ಬರುವುದಿಲ್ಲ. ಆಸನಗಳ ಸಂಖ್ಯೆ ಅಥವಾ ವಾಹನದ ಕವಚವನ್ನು ಬದಲಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಬೇಕು.

ಕರ್ನಾಟಕದಲ್ಲಿ ಹಳೆಯ ಬಸ್ಸುಗಳ ಮರುಬಳಕೆ

ಹಳೆಯ ವಾಹನದ ಒಳಭಾಗವನ್ನು ಬೇರೆ ಉದ್ದೇಶಕ್ಕೆ ಸಜ್ಜುಗೊಳಿಸಿದ ನಿದರ್ಶನ ರಾಜ್ಯದಲ್ಲಿಯೂ ಇದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2020ರ ಆಗಸ್ಟ್‌ನಲ್ಲಿ ಸೇವೆಯಿಂದ ಹಿಂಪಡೆದ ಬಸ್ಸೊಂದನ್ನು ‘ಸ್ತ್ರೀ ಶೌಚಾಲಯ’ವಾಗಿ ಪರಿವರ್ತಿಸಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇರಿಸಿತು. ಶೌಚಗೃಹಗಳು, ಕೈತೊಳೆಯುವ ತೊಟ್ಟಿ, ಮಗುವಿಗೆ ಹಾಲುಣಿಸುವ ಸ್ಥಳ ಹಾಗೂ ಸೌರ ದೀಪಗಳನ್ನು ಅದರಲ್ಲಿ ಅಳವಡಿಸಲಾಗಿತ್ತು.