ಮರದ ಮೇಲಿನ ಕಪ್ಪು ನೀರಿನ ಕಲೆಗಳ ನಿವಾರಣೆ

ಮಳೆಗಾಲ ಕಳೆದ ಮೇಲೆ ಹೊಸ್ತಿಲು, ಕಿಟಕಿಯ ಚೌಕಟ್ಟು, ಕಂಬದ ಬುಡ ಹಾಗೂ ಮೇಜುಗಳ ಮೇಲೆ ಕಪ್ಪು ಕಲೆಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಇವನ್ನು ಮರ ಕೊಳೆತ ಲಕ್ಷಣವೆಂದು ಭಾವಿಸಿ ಬೆಲೆಬಾಳುವ ತೇಗದ ಚೌಕಟ್ಟನ್ನೇ ಬದಲಿಸುವುದುಂಟು. ಬಹುತೇಕ ಕಲೆಗಳನ್ನು ಕಡಿಮೆ ಖರ್ಚಿನಲ್ಲಿ ಮನೆಯಲ್ಲಿಯೇ ತೆಗೆಯಬಹುದು.

ಕಾರಣ

ತೇಗ, ಮತ್ತಿ, ಜಾಲಿ ಮುಂತಾದ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿರುತ್ತದೆ. ಮೊಳೆ, ತಿರುಪು, ಚಿಲಕ ಅಥವಾ ನೀರಿನಲ್ಲಿರುವ ಕಬ್ಬಿಣದ ಅಂಶವು ತೇವದಲ್ಲಿ ಇದರೊಡನೆ ಸೇರಿದಾಗ ಕಪ್ಪು ಬಣ್ಣ ಉಂಟಾಗುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ತಯಾರಿಸುತ್ತಿದ್ದುದು ಇದೇ ತತ್ತ್ವದಿಂದ.

ಮೊದಲು ಪರೀಕ್ಷಿಸಿ

- ಚಾಕುವಿನ ತುದಿ ಸುಲಭವಾಗಿ ಒಳಹೊಕ್ಕರೆ ಮರ ಕೊಳೆತಿದೆ ಅಥವಾ ಗೆದ್ದಲು ಹಿಡಿದಿದೆ. ಈ ವಿಧಾನ ಪ್ರಯೋಜನವಾಗದು.
- ಸಾಬೂನು ನೀರಿನ ಬಟ್ಟೆಯಿಂದ ಒರೆಸಿದಾಗ ಹೋದರೆ ಅದು ಬೂಷ್ಟು.
- ಬಣ್ಣವಿಲ್ಲದ ಮರದ ಮೇಲೆ ನಿಂಬೆರಸ ಹಾಕಿದ ಕೆಲವು ನಿಮಿಷಗಳಲ್ಲಿ ಕಪ್ಪು ತಿಳಿಯಾದರೆ ಅದು ಕಬ್ಬಿಣದ ಕಲೆ.

ವಿಧಾನ

1. ವಾರ್ನಿಷ್ ಅಥವಾ ಬಣ್ಣವನ್ನು ಮರಳು ಕಾಗದದಿಂದ, ಮರದ ಎಳೆಯ ಗುಂಟ ಉಜ್ಜಿ ಪೂರ್ಣವಾಗಿ ತೆಗೆಯಿರಿ. ಉಕ್ಕಿನ ನಾರು ಬಳಸಬೇಡಿ. ಅದರ ಚೂರುಗಳು ಹೊಸ ಕಲೆ ಮಾಡುತ್ತವೆ.
2. ಒಂದು ಲೀಟರ್ ಬಿಸಿನೀರಿನಲ್ಲಿ ಸುಮಾರು 60 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲಿ ಕರಗಿಸಿ. ಮೊಸಾಯಿಕ್ ನೆಲಕ್ಕೆ ಹೊಳಪು ಕೊಡಲು ಬಳಸುವ ಈ ಹರಳುಗಳು ರಾಸಾಯನಿಕ ಮಾರಾಟಗಾರರಲ್ಲಿ ದೊರೆಯುತ್ತವೆ. ದ್ರಾವಣವನ್ನು ಕುದಿಸಬಾರದು.
3. ಕಲೆಗಷ್ಟೇ ಅಲ್ಲದೆ ಇಡೀ ಹಲಗೆಗೆ ಹಚ್ಚಿರಿ. ಇಲ್ಲವಾದರೆ ಬಿಳಿಚಿದ ಮಚ್ಚೆ ಉಳಿಯುತ್ತದೆ.
4. 20 ರಿಂದ 30 ನಿಮಿಷಗಳ ನಂತರ ಶುದ್ಧ ನೀರಿನಿಂದ 2–3 ಬಾರಿ ತೊಳೆಯಿರಿ. ಕಲೆ ಉಳಿದಿದ್ದರೆ ಮತ್ತೊಮ್ಮೆ ಹಚ್ಚಿರಿ.
5. ಕೊನೆಯಲ್ಲಿ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ ಒರೆಸಿ, ಮತ್ತೆ ನೀರಿನಿಂದ ತೊಳೆದು ನೆರಳಿನಲ್ಲಿ 2–3 ದಿನ ಒಣಗಿಸಿ.

ಎಚ್ಚರಿಕೆ

ಆಕ್ಸಾಲಿಕ್ ಆಮ್ಲ ವಿಷಕಾರಿ. ರಬ್ಬರ್ ಕೈಗವಸು, ಕನ್ನಡಕ ಮತ್ತು ಮುಖಗವಸು ಕಡ್ಡಾಯವಾಗಿ ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಕೆಲಸ ಮಾಡಿ. ಬ್ಲೀಚಿಂಗ್ ಪುಡಿಯೊಂದಿಗೆ ಎಂದಿಗೂ ಬೆರೆಸಬೇಡಿ. ಅಪಾಯಕಾರಿ ಅನಿಲ ಹೊಮ್ಮುತ್ತದೆ. ಹರಳುಗಳು ಸಕ್ಕರೆಯಂತೆ ಕಾಣುವುದರಿಂದ ಹೆಸರು ಬರೆದ ಡಬ್ಬಿಯಲ್ಲಿಟ್ಟು ಮಕ್ಕಳ ಕೈಗೆ ಸಿಗದಂತೆ ಇಡಿ. ತೊಳೆದ ನೀರು ದನಕರುಗಳ ತೊಟ್ಟಿ ಅಥವಾ ಮೇವಿಗೆ ಸೇರಬಾರದು. ಕಣ್ಣಿಗೆ ಸಿಡಿದರೆ 15 ನಿಮಿಷ ನೀರಿನಿಂದ ತೊಳೆದು ವೈದ್ಯರನ್ನು ಕಾಣಿರಿ. ನುಂಗಿದಲ್ಲಿ ವಾಂತಿ ಮಾಡಿಸದೆ, ಡಬ್ಬಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಈಳಿಗೆ ಮಣೆ, ಲಟ್ಟಣಿಗೆಗಳಿಗೆ ಈ ಆಮ್ಲ ಬೇಡ; ನಿಂಬೆರಸವೇ ಸಾಕು.

ಕಲೆ ಮರುಕಳಿಸದಂತೆ

ತುಕ್ಕು ಹಿಡಿದ ಮೊಳೆ, ತಿರುಪುಗಳನ್ನು ತೆಗೆದು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನವನ್ನು ಬಳಸಿ. ಸೋರಿಕೆಯನ್ನು ಸರಿಪಡಿಸಿದ ಮೇಲೆ, ಪೂರ್ಣ ಒಣಗಿದ ಮರಕ್ಕೆ ಅಗಸೆ ಎಣ್ಣೆ ಅಥವಾ ವಾರ್ನಿಷ್ ಹಚ್ಚಿರಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಿದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ಅದನ್ನು ಹೊರಗೆ ಹರವಿ ಒಣಗಿಸಿ. ನೀರು ತಾಗುವ ದಾರಿಯನ್ನು ಮುಚ್ಚದೆ ಕಲೆಯನ್ನಷ್ಟೇ ತೆಗೆದರೆ ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಮೂಡುತ್ತದೆ.